ಕಾಲ್ನಡೆಯವರಿಗೂ ರಸ್ತೆಯುಂಟು

ಕೊಡೇಕಲ್ಲಿನಿಂದ ಹುಣಸಗಿಗೆ ಹೋಗುವ ದಾರಿಯಲ್ಲಿ ಬೆಳಗಿನ ಎಂಟರ ಸುಮಾರಿಗೆ ನಿಂತು ನೋಡಿದವರಿಗೆ ನಮ್ಮ ಅರ್ಧ ಮಾತು ಹೇಳದೆಯೇ ತಿಳಿಯುವುದು. ಶಾಲೆಗೆ ಹೊರಟ ಮಕ್ಕಳು, ತಲೆಯ ಮೇಲೆ ಬುತ್ತಿಗಂಟು ಹೊತ್ತು ಕಳೆ ತೆಗೆಯಲು ಹೊರಟ ಹೆಣ್ಣಾಳುಗಳು, ಸೈಕಲ್ಲಿನ ಮೇಲೆ ಹಾಲಿನವನು, ಕುರಿಯ ಹಿಂಡು, ಎತ್ತಿನ ಬಂಡಿ. ಇವರೆಲ್ಲರ ನಡುವೆ ನುಗ್ಗುವ ಟ್ರ್ಯಾಕ್ಟರು, ಟಂಟಂ, ಮೋಟಾರು ಸೈಕಲ್ಲು. ದಾರಿ ಒಂದೇ. ಯಾರು ಯಾರಿಗೆ ಸರಿಯಬೇಕೆಂಬುದನ್ನು ಹಾರ್ನಿನ ಸದ್ದು ನಿಶ್ಚಯಿಸುತ್ತಿದೆ. ದೊಡ್ಡ ಗಾಲಿಯವನು ಬಂದರೆ ಸಣ್ಣ ಗಾಲಿಯವನು ಮಣ್ಣಿಗಿಳಿಯಬೇಕು. ಗಾಲಿಯೇ ಇಲ್ಲದವನು ಜಾಲಿಮುಳ್ಳಿಗೆ ಹೋಗಬೇಕು. ಇದು ಸಂಚಾರದ ಶಿಸ್ತಲ್ಲ, ಜಮೀನ್ದಾರಿಕೆಯ ಇನ್ನೊಂದು ವೇಷ.

ನಾರಾಯಣಪುರದ ಅಣೆಕಟ್ಟು 1982ರಲ್ಲಿ ಮುಗಿದು ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಈ ಸೀಮೆಯ ಬಾಳು ಬದಲಾಯಿತು. ಜೋಳ ಸಜ್ಜೆಯ ಹೊಲಗಳು ಎಷ್ಟೋ ಕಡೆ ಭತ್ತದ ಗದ್ದೆಗಳಾದವು. ಭತ್ತದ ಬೆನ್ನಿಗೆ ಟ್ರ್ಯಾಕ್ಟರು ಬಂತು, ಕಟಾವಿನ ಯಂತ್ರ ಬಂತು, ಲಾರಿ ಬಂತು. ನಾವು ಯಂತ್ರದ ವೈರಿಗಳಲ್ಲ. ಬೆನ್ನು ಬಾಗಿಸಿ ದುಡಿಯುವವನ ಭಾರ ಇಳಿಸುವ ಯಂತ್ರಕ್ಕೆ ನಮ್ಮ ಸ್ವಾಗತವೇ ಇದೆ. ಆದರೆ ಹಿಂದಿನ ಬಂಡಿಯವನು ಕತ್ತಲಾದೊಡನೆ ಅಚ್ಚಿನ ಕೆಳಗೆ ಕಂದೀಲು ಕಟ್ಟುತ್ತಿದ್ದನಲ್ಲ! ಲಕ್ಷಗಟ್ಟಲೆ ಬೆಲೆಯ ಟ್ರ್ಯಾಕ್ಟರಿನ ಹಿಂದಿನ ಟ್ರೈಲರಿಗೆ ಇಂದು ಒಂದು ಕೆಂಪು ದೀಪವಿರುವುದಿಲ್ಲ, ಹೊಳೆಯುವ ಪಟ್ಟಿಯೂ ಇರುವುದಿಲ್ಲ. ಕೆಟ್ಟು ನಿಂತ ಇಂಥ ಟ್ರೈಲರಿಗೆ ಅಮಾವಾಸ್ಯೆಯ ರಾತ್ರಿ ಸೈಕಲ್ಲಿನವನು ಹೋಗಿ ಬಡಿದರೆ ತಪ್ಪು ಯಾರದು? ಟ್ರೈಲರಿನ ಹಿಂದೆ ಕೆಂಪು ಪ್ರತಿಫಲಕ ಇರಬೇಕೆಂದು ನಿಯಮವಿದೆ. ಅದರ ಖರ್ಚು ಒಂದು ಹೊತ್ತಿನ ಡೀಸೆಲ್ಲಿಗಿಂತ ಕಡಿಮೆ.

ಹುಡುಗರ ಮಾತು ಬೇರೆಯೇ ಇದೆ. ಮೀಸೆ ಮೂಡದ ಮಗ ಟ್ರ್ಯಾಕ್ಟರ್ ಓಡಿಸುವುದನ್ನು ಕಟ್ಟೆಯ ಮೇಲೆ ಕುಳಿತು ಹೆಮ್ಮೆಯಿಂದ ನೋಡುವ ತಂದೆಗಳು ನಮ್ಮಲ್ಲಿ ಇದ್ದಾರೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯ ಪ್ರಕಾರ ಅಪ್ರಾಪ್ತ ವಯಸ್ಕನು ವಾಹನ ನಡೆಸಿ ಅಪರಾಧವೆಸಗಿದರೆ ಪೋಷಕನಿಗೂ ವಾಹನದ ಒಡೆಯನಿಗೂ ಮೂರು ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ. ಆ ತಂದೆಗಳಿಗೆ ಇದನ್ನು ಯಾರಾದರೂ ಓದಿ ಹೇಳಿದ್ದಾರೆಯೇ?

2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರೆಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುವುದು. ಅವರಲ್ಲಿ 32,825 ಜನ ನಡೆದು ಹೋಗುತ್ತಿದ್ದವರು. ಯಾವ ಇಂಜಿನನ್ನೂ ನಡೆಸದವರು, ಯಾರಿಗೂ ಡಿಕ್ಕಿ ಕೊಡಲಾರದವರು! ಐವರಲ್ಲಿ ಒಬ್ಬರಂತೆ ಇವರು ಬಲಿಯಾಗುತ್ತಿರುವಾಗ 'ನೋಡಿ ನಡೆಯಿರಿ' ಎಂಬ ಉಪದೇಶವನ್ನು ಕಾಲ್ನಡೆಯವರಿಗೇ ಮೊದಲು ಹೇಳುವುದು ಯಾವ ನ್ಯಾಯ?

ಎಲ್ಲ ತಪ್ಪೂ ಗಾಡಿಯ ಮೇಲೆ ಕುಳಿತವನದೆಂದು ನಾವು ಹೇಳುವುದಿಲ್ಲ. ಸುಗ್ಗಿ ಬಂತೆಂದರೆ ಡಾಂಬರು ರಸ್ತೆಯೇ ನಮ್ಮ ಕಣ. ಅರ್ಧ ರಸ್ತೆಗೆ ಭತ್ತ ಹರವಿ, ಅಂಚಿಗೆ ತಲೆ ಗಾತ್ರದ ಕಲ್ಲು ಸಾಲಿಡುತ್ತೇವೆ. ರಾಶಿ ಎತ್ತಿ ಮನೆಗೆ ಒಯ್ದ ಮೇಲೆ ಕಲ್ಲುಗಳು ಅಲ್ಲಿಯೇ ಉಳಿಯುತ್ತವೆ. ಸಣ್ಣ ರೈತನು ಇದನ್ನು ಕೊಬ್ಬಿನಿಂದ ಮಾಡುವುದಿಲ್ಲ; ಎರಡೆಕರೆಯವನಿಗೆ ಸಿಮೆಂಟಿನ ಕಣ ಎಲ್ಲಿಂದ ಬಂತು? ಆದರೂ ಬಡವನ ಭತ್ತಕ್ಕಾಗಿ ಬಡವನ ಮಗ ಕಾಲು ಮುರಿದುಕೊಳ್ಳಬಾರದು. ಊರಿಗೊಂದು ಸಾರ್ವಜನಿಕ ಒಕ್ಕಣೆ ಕಣ ಕಟ್ಟಿಸಿಕೊಟ್ಟು ಆಮೇಲೆ ರಸ್ತೆಯ ರಾಶಿಯನ್ನು ನಿಷೇಧಿಸಲಿ. ಕಣವಿಲ್ಲದೆ ಬರಿಯ ನಿಷೇಧ ತಂದರೆ ನಾವು ಒಪ್ಪುವವರಲ್ಲ. ಕಲ್ಲುಗಳನ್ನು ಎತ್ತಿಹಾಕುವುದಕ್ಕೆ ಮಾತ್ರ ಯಾವ ಸರ್ಕಾರವೂ ಬೇಕಿಲ್ಲ.

ಇನ್ನು ರಸ್ತೆಯ ಅಂಚು. ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆ ಏರುತ್ತ ಹೋಗುತ್ತದೆ. ಮಗ್ಗುಲಿನ ಮಣ್ಣು ಮಳೆಗೆ ಕೊಚ್ಚಿ ಇಳಿಯುತ್ತ ಹೋಗುತ್ತದೆ. ನಡುವೆ ಗೇಣುದ್ದದ ಪಾವಟಿಗೆ. ಹಿಂದಿನಿಂದ ಹಾರ್ನು ಕೇಳಿ ಗಾಬರಿಯಿಂದ ಕೆಳಗಿಳಿದ ಸೈಕಲ್ಲು ಅಲ್ಲಿಯೇ ಉರುಳುತ್ತದೆ. 2006ರಲ್ಲಿ ಆರಂಭವಾದ ಯೋಜನೆಯಿಂದ ಸರ್ಕಾರಿ ಶಾಲೆಯ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲುಗಳು ಸಿಕ್ಕಿದವು. ಕೊರೋನಾ ಕಾಲದಲ್ಲಿ ಆ ಯೋಜನೆ ನಿಂತಿತು. ಸೈಕಲ್ಲು ಕೊಟ್ಟ ಕಾಲದಲ್ಲಿಯೂ ಸೈಕಲ್ಲಿಗೆ ದಾರಿ ಕೊಡಲಿಲ್ಲ. ಹೆಂಗಸರ ಸ್ಥಿತಿಯೂ ಹೀಗೆಯೇ. 2023ರ ಜೂನ್ 11ರಿಂದ ಅವರಿಗೆ ಬಸ್ಸಿನಲ್ಲಿ ಟಿಕೆಟ್ಟಿಲ್ಲ, ಒಳ್ಳೆಯದೇ ಆಯಿತು. ಆದರೆ ಕೂಲಿಯ ಹೊತ್ತಿಗೆ ಹೊಲದ ದಾರಿಯಲ್ಲಿ ಬಸ್ಸೇ ಇಲ್ಲದಿದ್ದರೆ ಟಂಟಂನಲ್ಲಿ ಕುರಿ ತುಂಬಿದಂತೆ ತುಂಬಿಕೊಂಡು ಹೋಗದೆ ಏನು ಮಾಡಿಯಾರು?

ಮೈಸೂರಿನ ಮೃಗಾಲಯದಲ್ಲಿ ಬ್ಯಾಟರಿ ಗಾಡಿಗಳು ನಡೆಯುವವರ ಮಧ್ಯೆಯೇ ಓಡಾಡುತ್ತವೆ. ಜನ ಗುಂಪಾಗಿ ನಿಂತಲ್ಲಿ ಗಾಡಿಯವನು ನಿಧಾನಿಸುತ್ತಾನೆ. ಪ್ರವಾಸಿಗೆ ಸಲ್ಲುವ ಈ ಮರ್ಯಾದೆ ಕೂಲಿಯವಳಿಗೆ ಏಕೆ ಸಲ್ಲಬಾರದು? ಶಾಲೆಯ ಮುಂದೆ ವೇಗ ತಗ್ಗಿಸುವುದು, ಎದುರಿನ ಸೈಕಲ್ಲಿನವನ ಕಣ್ಣು ಕುಕ್ಕದಂತೆ ದೀಪ ಇಳಿಸುವುದು, ಮುದುಕಿಯ ಬೆನ್ನ ಹಿಂದೆ ಹಾರ್ನು ಚೀರಿಸುವ ಬದಲು 'ಸ್ವಲ್ಪ ಸರೀಬೇ ಯವ್ವಾ' ಎನ್ನುವುದು, ಇದಕ್ಕೆ ದುಡ್ಡು ಬೇಕೆ? ನಡೆಯುವವರು ಕಾಲುದಾರಿಯಿಲ್ಲದ ಕಡೆ ರಸ್ತೆಯ ಬಲಮಗ್ಗುಲು ಹಿಡಿದರೆ ಎದುರು ಬರುವ ಗಾಡಿ ಕಣ್ಣಿಗೆ ಬೀಳುವುದು; ಸೈಕಲ್ಲಿನವರು ಎಡಕ್ಕೇ ಇರಬೇಕು. ಬಿದ್ದವನನ್ನು ಎತ್ತಿ ದವಾಖಾನೆಗೆ ಒಯ್ದರೆ ಕೋರ್ಟು ಕಚೇರಿ ಅಲೆಯಬೇಕಾದೀತೆಂಬ ಭಯ ಈಗಲೂ ಇದೆ. ಹಾಗೆ ನೆರವಾದವನಿಗೆ 2019ರ ತಿದ್ದುಪಡಿ ರಕ್ಷಣೆ ಕೊಟ್ಟಿದೆ. ಹೆಸರು ಹೇಳೆಂದು ಅವನನ್ನು ಒತ್ತಾಯಿಸುವಂತಿಲ್ಲ.

ಕಾಲ್ನಡೆಯವರ ಹಾಗೂ ಮೋಟಾರಿಲ್ಲದ ಗಾಡಿಗಳವರ ವಿಷಯದಲ್ಲಿಯೂ ರಸ್ತೆಗಳ ರಚನೆಯ ವಿಷಯದಲ್ಲಿಯೂ ಆರು ತಿಂಗಳೊಳಗೆ ನಿಯಮ ರಚಿಸಬೇಕೆಂದು ಸುಪ್ರೀಂ ಕೋರ್ಟು 2025ರ ಅಕ್ಟೋಬರ್ 7ರಂದು ರಾಜ್ಯಗಳಿಗೆ ಆದೇಶಿಸಿತು. ಬೆಂಗಳೂರಿನ ಫುಟ್‌ಪಾತನ್ನು ಮಾತ್ರ ಕಣ್ಣೆದುರಿಟ್ಟು ಬರೆದ ನಿಯಮ ನಮಗೆ ಬೇಡ. ಡಾಂಬರಿನ ಎರಡೂ ಮಗ್ಗುಲಿಗೆ ಮೊರಂ ಹಾಕಿ ತುಳಿಸಿದ, ಸೈಕಲ್ಲೂ ಕಾಲೂ ಸಾಗುವ ಸಮತಟ್ಟು ಪಟ್ಟಿ ಬೇಕು. 371ನೇ ಜೆ ವಿಧಿಯ ಹೆಸರಿನಲ್ಲಿ ಬರುವ ಕಲ್ಯಾಣ ಕರ್ನಾಟಕದ ಹಣದಲ್ಲಿ ಇದಕ್ಕೊಂದು ಪಾಲು ತೆಗೆದಿಡಲಿ. ಬರುವ ಸುಗ್ಗಿಗೆ ಮುಂಚೆ ಪ್ರತಿ ಟ್ರೈಲರಿಗೂ ಕೆಂಪು ಪಟ್ಟಿ ಅಂಟಿಸುವ ಕೆಲಸವನ್ನು ಪಂಚಾಯಿತಿಯೂ ಪೊಲೀಸರೂ ಕೂಡಿ ಮಾಡಲಿ. ಮೊದಲ ಸಲ ದಂಡ ಬೇಡ, ಪಟ್ಟಿ ಸಾಕು. ಈ ವಿಷಯ ಚರ್ಚಿಸುವ ಗ್ರಾಮಸಭೆಯನ್ನು ಮಧ್ಯಾಹ್ನ ಕರೆಯದೆ, ಕೂಲಿ ಮುಗಿಸಿ ಹೆಣ್ಣುಮಕ್ಕಳು ಬರುವಂತೆ ಸಂಜೆಯ ಹೊತ್ತಿಗೆ ಕರೆಯಬೇಕೆಂದು ಪಂಚಾಯಿತಿಯವರನ್ನು ಕೇಳುತ್ತೇವೆ.