ಬೆಳ್ಳಗಿರುವುದೆಲ್ಲ ಹಾಲಲ್ಲ

ಅಜ್ಜನಿಗೆ ಮೂತ್ರಪಿಂಡದ ಕಾಯಿಲೆ. ಹಾಲು ಕಡಿಮೆ ಮಾಡಿ ಎಂದಿದ್ದಾರೆ ವೈದ್ಯರು. ಹಾಗಾದರೆ ಬಾದಾಮಿ ಹಾಲು ಕೊಡಬಹುದೇ?

ಮೊದಲು ಕಾರಣ ತಿಳಿಯೋಣ. 100 ಮಿ.ಲೀ. ಹಸುವಿನ ಹಾಲಿನಲ್ಲಿ ಸುಮಾರು 90 ಮಿ.ಗ್ರಾಂ ರಂಜಕ, 150 ಮಿ.ಗ್ರಾಂ ಪೊಟ್ಯಾಶಿಯಂ ಇರುತ್ತವೆ. ಹೆಚ್ಚಾದದ್ದನ್ನು ಹೊರಹಾಕುವುದು ಮೂತ್ರಪಿಂಡಗಳ ಕೆಲಸ. ಅವು ಸೋತರೆ ಎರಡೂ ರಕ್ತದಲ್ಲೇ ಉಳಿಯುತ್ತವೆ. ರಂಜಕ ಏರಿದರೆ ಮೂಳೆಗಳು ದುರ್ಬಲವಾಗುತ್ತವೆ, ರಕ್ತನಾಳಗಳು ಗಡಸಾಗುತ್ತವೆ. ಪೊಟ್ಯಾಶಿಯಂ ಮಿತಿಮೀರಿದರೆ ಹೃದಯದ ಬಡಿತವೇ ಏರುಪೇರಾಗುತ್ತದೆ.

ಬೇಕರಿಯ ಬಾದಾಮಿ ಹಾಲು ಹಸುವಿನ ಹಾಲೇ. ಬಾದಾಮಿ, ಸಕ್ಕರೆ ಸೇರಿದೆ ಅಷ್ಟೆ. ಬರೀ ಬಾದಾಮಿ ಅಥವಾ ಅಕ್ಕಿಯಿಂದ ತಯಾರಾದ ಪೊಟ್ಟಣದ ಹಾಲಿನಲ್ಲಿ ನೀರೇ ಹೆಚ್ಚು, ಆದ್ದರಿಂದ ಈ ಎರಡು ಅಂಶಗಳೂ ಸಾಮಾನ್ಯವಾಗಿ ಕಡಿಮೆ. ಆದರೆ ಫಾಸ್ಫೇಟ್ ಬೆರೆಸಿದ್ದರೆ ಆ ಲಾಭ ಹೋಯಿತು. ಕಾಳು, ಬೀಜಗಳ ಸಹಜ ರಂಜಕದಲ್ಲಿ ಸುಮಾರು ಅರ್ಧ ಅಥವಾ ಅದಕ್ಕೂ ಕಡಿಮೆ ಭಾಗ ರಕ್ತಕ್ಕೆ ಸೇರುತ್ತದೆ. ಬೆರೆಸಿದ್ದು ಬಹುಪಾಲು ಸೇರಿಬಿಡುತ್ತದೆ. ಪೊಟ್ಟಣದ ಮೇಲಿನ 339, 340, 341 ಎಂಬ ಸಂಖ್ಯೆಗಳು ಇದರ ಗುರುತು. ಈ ಸಣ್ಣಕ್ಷರ ಓದುವ ಕೆಲಸ ಮನೆಯ ವಿದ್ಯಾರ್ಥಿಗಳದಾಗಲಿ.

ಮನೆಯಲ್ಲಿ ಹಿಂಡಿದ ಗಟ್ಟಿ ತೆಂಗಿನಹಾಲಿನಲ್ಲಿ ಪೊಟ್ಯಾಶಿಯಂ ಹಸುವಿನ ಹಾಲಿಗಿಂತಲೂ ಹೆಚ್ಚು. ಸೋಯಾ ಹಾಲಿನಲ್ಲಿ ಪ್ರೋಟೀನು ಹೆಚ್ಚುಕಡಿಮೆ ಹಸುವಿನ ಹಾಲಿನಷ್ಟೇ. ಬಾದಾಮಿ ಹಾಲಿನಲ್ಲಿ ಅತ್ಯಲ್ಪ. ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಪ್ರೋಟೀನು ಹೆಚ್ಚಾಗಿಯೇ ಬೇಕು. ಆದ್ದರಿಂದ ಯಾವ ಹಾಲು, ಎಷ್ಟು ಎಂಬುದನ್ನು ರಕ್ತಪರೀಕ್ಷೆಯ ವರದಿ ನೋಡಿ ವೈದ್ಯರೇ ಹೇಳಬೇಕು.

ಅಜ್ಜನ ಪಥ್ಯ ಅಜ್ಜನಿಗೆ ಮಾತ್ರ. ಬೆಳೆಯುವ ಮಕ್ಕಳ ಲೋಟದ ಹಾಲನ್ನು ಅದಕ್ಕಾಗಿ ಬದಲಿಸಬೇಕಿಲ್ಲ.