ಪಟ್ಟಿಯ ಮೊದಲ ಹೆಸರು

ಒಂದು ಪತ್ತಿನ ಸಹಕಾರ ಸಂಘ ತನ್ನ ಸಾಲದ ಲೆಕ್ಕವನ್ನು ಮೈಕ್ರೋಸಾಫ್ಟ್ ಆ್ಯಕ್ಸೆಸ್‌ನಲ್ಲಿ ಇಟ್ಟಿದೆ ಎಂದುಕೊಳ್ಳೋಣ. ಪರದೆಯ ಮೇಲಿನ ಫಾರಂನಲ್ಲಿ ಸದಸ್ಯರ ಹೆಸರು, ಖಾತೆ ಸಂಖ್ಯೆ, ಪಡೆದ ಸಾಲ, ಕಟ್ಟಿದ ಹಣ ಕಾಣುತ್ತವೆ. ಕೊನೆಯ ಚೌಕದಲ್ಲಿರುವುದು ಬಾಕಿ. ಬಾಕಿಯನ್ನು ಯಾರೂ ಟೈಪ್ ಮಾಡಿದ್ದಲ್ಲ. ಸಾಲದಲ್ಲಿ ಕಟ್ಟಿದ್ದನ್ನು ಕಳೆಯುವ ಸೂತ್ರವನ್ನು ಆ ಚೌಕದಲ್ಲೇ ಬರೆದಿಟ್ಟಿದ್ದಾರೆ. ಆಡಳಿತ ಮಂಡಳಿಯ ಸಭೆ ಹತ್ತಿರ ಬಂದಾಗ ಕಾರ್ಯದರ್ಶಿಗೆ ಬೇಕಾಗುವುದು ಇಷ್ಟೇ: ಹೆಚ್ಚು ಬಾಕಿ ಇರುವವರು ಮೇಲೆ ಬರಲಿ. ಗುಮಾಸ್ತರು ಆ ಚೌಕದ ಪ್ರಕಾರ ವಿಂಗಡಿಸಲು ಹೋದರೆ ಕೆಲಸ ನಡೆಯುವುದಿಲ್ಲ. ಯಾವುದರ ಪ್ರಕಾರ ವಿಂಗಡಿಸಬೇಕೆಂದು ಹೇಳುವ ಜಾಗದಲ್ಲಿ ಚೌಕದ ಹೆಸರನ್ನು ಬರೆದರೆ, ಆ ಹೆಸರಿನ ಬೆಲೆ ಎಷ್ಟೆಂದು ಆ್ಯಕ್ಸೆಸ್ ನಮ್ಮನ್ನೇ ಕೇಳುತ್ತದೆ. ಕಣ್ಣೆದುರಿಗೇ ಇರುವ ಅಂಕಿ ಅದಕ್ಕೆ ಗೊತ್ತಿಲ್ಲ.

ಇದನ್ನು ತಂತ್ರಾಂಶದ ಕೊರತೆ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಕ್ರಮ ಎಂಬುದು ದಾಖಲೆಗಳ ಗುಣವಲ್ಲ, ತೋರಿಸುವ ಪರದೆಯ ಗುಣವೂ ಅಲ್ಲ. ದಾಖಲೆಗಳನ್ನು ಕುರಿತು ನಾವು ಕೇಳುವ ಪ್ರಶ್ನೆಗೆ ಸೇರಿದ್ದು ಅದು. ಲೆಕ್ಕ ಹಾಕಿ ಕ್ರಮ ಕಟ್ಟಬೇಕಾದರೆ ಆ ಲೆಕ್ಕವೂ ಪ್ರಶ್ನೆಯಲ್ಲೇ, ಅಂದರೆ ಕ್ವೆರಿಯಲ್ಲೇ, ಇರಬೇಕು.

ಈ ಮಾತು ಹೊಸದಲ್ಲ. ಐಬಿಎಂನಲ್ಲಿದ್ದ ಎಡ್ಗರ್ ಕಾಡ್ 1970ರಲ್ಲಿ ದತ್ತಾಂಶದ ಸಂಬಂಧಾತ್ಮಕ (ರಿಲೇಷನಲ್) ಮಾದರಿಯನ್ನು ಮುಂದಿಟ್ಟ ಲೇಖನದಲ್ಲಿ, ಪ್ರೋಗ್ರಾಂಗಳು ಬಿಡಿಸಿಕೊಳ್ಳಬೇಕಾದ ಮೂರು ಅವಲಂಬನೆಗಳನ್ನು ಹೆಸರಿಸಿದರು. ಮೊದಲನೆಯದೇ ದಾಖಲೆಗಳ ಕ್ರಮವನ್ನು ನೆಚ್ಚಿಕೊಳ್ಳುವುದು. ಸಾಲುಗಳು ಯಾವ ಕ್ರಮದಲ್ಲಿ ಕೂತಿವೆ ಎಂಬುದಕ್ಕೆ ಅರ್ಥ ಕೊಡಬಾರದು. ಕ್ರಮ ಬೇಕಾದವರು ಕೇಳುವಾಗಲೇ ಅದನ್ನು ಹೇಳಬೇಕು. ಮುಂದೆ ಬಂದ ಡಿಬೇಸ್, ಫಾಕ್ಸ್‌ಪ್ರೊ ಎಂಬ ದತ್ತಾಂಶ ತಂತ್ರಾಂಶಗಳಲ್ಲಿ ಸೂತ್ರವೊಂದರ ಮೇಲೆ ಇಂಡೆಕ್ಸ್, ಅಂದರೆ ಸಾಲುಗಳ ಕ್ರಮದ ಸೂಚಿ, ಕಟ್ಟಿ ಅದನ್ನು ಬೇರೆ ಫೈಲಿನಲ್ಲಿ ಇಡಬಹುದಿತ್ತು. ಯಾವ ಇಂಡೆಕ್ಸ್ ತೆರೆದಿದೆ ಎಂಬ ಎಚ್ಚರ ಮಾತ್ರ ಪ್ರೋಗ್ರಾಂ ಬರೆದವರ ತಲೆಯಲ್ಲೇ ಇರಬೇಕಿತ್ತು. 1992ರಲ್ಲಿ ಬಂದ ಆ್ಯಕ್ಸೆಸ್ ಕ್ವೆರಿಯನ್ನೂ ಫಾರಂ ಅನ್ನೂ ಒಂದೇ ಫೈಲಿನೊಳಗೆ ತಂದಿತು. ಅನುಕೂಲವೇನೋ ಆಯಿತು, ಆದರೆ ಎರಡರ ನಡುವಿನ ಗೆರೆ ಬಳಸುವವರ ಕಣ್ಣಿಗೆ ಮಸುಕಾಯಿತು. ಕ್ವೆರಿ ಸಾಲುಗಳನ್ನು ಕ್ರಮವಾಗಿ ತಂದು ಕೊಡುತ್ತದೆ, ಫಾರಂ ಅವನ್ನು ತೋರಿಸುತ್ತದೆ. ಚೌಕದ ಸೂತ್ರ ನಡೆಯುವುದು ತೋರಿಸುವ ಹೊತ್ತಿನಲ್ಲಿ. ಅಷ್ಟರಲ್ಲಿ ಯಾರ ಹಿಂದೆ ಯಾರು ಎಂಬುದು ತೀರ್ಮಾನವಾಗಿರುತ್ತದೆ.

ಹಾಗಾಗಿ ಪರಿಹಾರ ಚಿಕ್ಕದು. ಚೌಕದ ಸೂತ್ರವನ್ನು ತೆಗೆದು ಕ್ವೆರಿಯಲ್ಲಿ ‘ಬಾಕಿ’ ಎಂಬ ಕಾಲಂ ಮಾಡಿ, ಇಳಿಕೆ ಕ್ರಮ ಎಂದು ಗುರುತು ಹಾಕಿ, ಫಾರಂ ಅನ್ನು ಆ ಕ್ವೆರಿಗೆ ಕಟ್ಟಿದರೆ ಮುಗಿಯಿತು. ಕಷ್ಟ ಇರುವುದು ಸೂತ್ರ ಸರಿಯೇ ಎಂಬುದರಲ್ಲಿ. ನಾನು ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ಇಲ್ಲಿ ಆಗುವ ತಪ್ಪು ಸದ್ದಿಲ್ಲದೆ ಆಗುತ್ತದೆ.

ಕಂತುಗಳ ಪಾವತಿ ಸಾಮಾನ್ಯವಾಗಿ ಬೇರೆ ಟೇಬಲ್‌ನಲ್ಲಿರುತ್ತದೆ. ಒಂದು ಕಂತನ್ನೂ ಕಟ್ಟದವರಿಗೆ ಅಲ್ಲಿ ಸಾಲೇ ಇರುವುದಿಲ್ಲ. ಅವರನ್ನೂ ಬಿಡದೆ ಎರಡು ಟೇಬಲ್‌ಗಳನ್ನು ಜೋಡಿಸಿದಾಗ ಅವರ ಪಾವತಿಯ ಮೊತ್ತ ಸೊನ್ನೆಯಾಗುವುದಿಲ್ಲ, ನಲ್ ಆಗುತ್ತದೆ, ಅಂದರೆ ಏನೂ ಇಲ್ಲದ ಖಾಲಿ. ಐವತ್ತು ಸಾವಿರದಲ್ಲಿ ನಲ್ ಕಳೆದರೆ ಉಳಿಯುವುದು ಐವತ್ತು ಸಾವಿರವಲ್ಲ, ಮತ್ತೆ ನಲ್. ಆ್ಯಕ್ಸೆಸ್ ಏರಿಕೆ ಕ್ರಮದಲ್ಲಿ ನಲ್‌ಗಳನ್ನು ಮೊದಲಿಗೂ ಇಳಿಕೆ ಕ್ರಮದಲ್ಲಿ ಕೊನೆಗೂ ಇಡುತ್ತದೆ. ಹೀಗಾಗಿ ಒಂದು ರೂಪಾಯಿಯನ್ನೂ ಕಟ್ಟದ ಸುಸ್ತಿದಾರ ಸುಸ್ತಿದಾರರ ಪಟ್ಟಿಯ ತಳಕ್ಕೆ ಇಳಿದುಬಿಡುತ್ತಾನೆ. ಮಂಡಳಿಗೆ ಮೊದಲ ಪುಟವನ್ನಷ್ಟೇ ಮುದ್ರಿಸಿ ಕೊಟ್ಟರೆ ಅವನ ಹೆಸರು ಯಾರ ಕಣ್ಣಿಗೂ ಬೀಳುವುದಿಲ್ಲ. ಖಾಲಿ ಇದ್ದಲ್ಲಿ ಸೊನ್ನೆ ಎಂದು ಓದಿಕೊಳ್ಳುವ ಎನ್‌ಝಡ್ ಎಂಬ ಫಂಕ್ಷನ್ ಆ್ಯಕ್ಸೆಸ್‌ನಲ್ಲಿದೆ; ಪಾವತಿಯ ಮೊತ್ತಕ್ಕೆ ಅದನ್ನು ಸುತ್ತಿದರೆ ತಪ್ಪು ಸರಿಹೋಗುತ್ತದೆ. ಆದರೆ ಅದನ್ನು ಸುತ್ತಬೇಕೆಂದು ಹೊಳೆಯುವುದು ಸೂತ್ರ ಎದುರಿಗಿದ್ದು ಯಾರಾದರೂ ಓದಿದಾಗ ಮಾತ್ರ.

ಇನ್ನೊಂದು ತಪ್ಪು ಅಂದ ಮಾಡಲು ಹೋಗಿ ಆಗುವಂಥದ್ದು. ಬಾಕಿ ಚೆನ್ನಾಗಿ ಕಾಣಲೆಂದು ಕ್ವೆರಿಯಲ್ಲೇ ಫಾರ್ಮ್ಯಾಟ್ ಫಂಕ್ಷನ್ ಹಾಕಿದರೆ ಅಂಕಿ ಅಕ್ಷರವಾಗುತ್ತದೆ. ಆಗ ಏರಿಕೆ ಕ್ರಮದಲ್ಲಿ 1000 ಮೊದಲು, 250 ಆಮೇಲೆ, 90 ಕೊನೆಗೆ ಬರುತ್ತದೆ. ದಿನಾಂಕಕ್ಕೂ ಇದೇ ಗತಿ. ಅಲಂಕಾರ ಫಾರಂನ ಕೆಲಸ, ಅದು ಅಲ್ಲೇ ಇರಲಿ.

‘ಇಷ್ಟೆಲ್ಲ ಯಾಕೆ, ಬಾಕಿಯನ್ನು ಟೇಬಲ್‌ನಲ್ಲೇ ಬರೆದಿಟ್ಟರೆ ಆಗದೇ?’ ಎಂಬ ಪ್ರಶ್ನೆ ಸಹಜ. ಬರೆದಿಟ್ಟ ಬಾಕಿ ಕಂತು ಬಂದಾಗಲೆಲ್ಲ ತಪ್ಪದೆ ತಿದ್ದಿಸಿಕೊಳ್ಳಬೇಕು. ಒಮ್ಮೆ ತಪ್ಪಿದರೂ ಒಂದೇ ಪುಸ್ತಕದಲ್ಲಿ ಎರಡು ಸತ್ಯಗಳು ಉಳಿಯುತ್ತವೆ. ಆ್ಯಕ್ಸೆಸ್ 2010ರಲ್ಲಿ ಟೇಬಲ್‌ನೊಳಗೇ ಲೆಕ್ಕದ ಫೀಲ್ಡ್ ಇಡುವ ಸೌಲಭ್ಯ ಬಂತು. ಆದರೆ ಅದು ಬೇರೆ ಟೇಬಲ್‌ನ ಫೀಲ್ಡನ್ನು ನೋಡಲಾರದು, ಇವತ್ತಿನ ದಿನಾಂಕವನ್ನೂ ಬಳಸಲಾರದು. ಸುಸ್ತಿಯಾಗಿ ಎಷ್ಟು ದಿನವಾಯಿತು ಎಂಬ ಲೆಕ್ಕ ದಿನದಿನಕ್ಕೂ ಬದಲಾಗುವುದರಿಂದ ಅದನ್ನು ಕೇಳಿದಾಗಲೇ ಹಾಕಬೇಕು. ಬಿಲ್ಲಿನಲ್ಲಿ ಮಾರಿದ ದಿನದ ದರವನ್ನು ಬರೆದಿಡುವುದು ಬೇರೆ ವಿಷಯ. ಅದು ಅಂದು ನಡೆದ ಸಂಗತಿಯೇ ಹೊರತು ಲೆಕ್ಕವಲ್ಲ.

ನನ್ನ ವಾದಕ್ಕೆ ನಿಜವಾದ ತೊಡಕು ಒಂದಿದೆ. ಪಾವತಿಗಳನ್ನು ಒಟ್ಟುಗೂಡಿಸುವ ಕ್ವೆರಿಗೆ ಕಟ್ಟಿದ ಫಾರಂನಲ್ಲಿ ದಾಖಲೆಯನ್ನು ತಿದ್ದಲು ಬರುವುದಿಲ್ಲ, ನೋಡಲಷ್ಟೇ ಬರುತ್ತದೆ. ವಿಳಾಸ ತಿದ್ದಲು ಕೂತ ಗುಮಾಸ್ತರಿಗೆ ಇದು ದೊಡ್ಡ ತೊಂದರೆ. ಕ್ವೆರಿಯಲ್ಲಿ ಡಿಸಮ್ ಎಂಬ ಫಂಕ್ಷನ್ ಬಳಸಿದರೆ ತಿದ್ದಲು ಬರುತ್ತದೆ, ಆದರೆ ಅದು ಪ್ರತಿ ಸಾಲಿಗೂ ಪಾವತಿಯ ಟೇಬಲ್‌ಗೆ ಹೋಗಿಬರುವುದರಿಂದ ಸಾಲುಗಳು ಹೆಚ್ಚಿದಂತೆ ನಿಧಾನವಾಗುತ್ತದೆ. ನನ್ನ ಮಟ್ಟಿಗೆ ತಿದ್ದುವ ಫಾರಂ ಬೇರೆ, ಪಟ್ಟಿ ಬೇರೆ ಇರುವುದೇ ಒಳ್ಳೆಯದು. ಅವೆರಡೂ ಬೇರೆ ಬೇರೆ ಕೆಲಸಗಳು.

ಬಾಕಿ ಸಮನಾಗಿರುವ ಇಬ್ಬರಲ್ಲಿ ಯಾರು ಮೊದಲು ಎಂಬುದನ್ನೂ ಹೇಳಬೇಕು. ಹೇಳದಿದ್ದರೆ ಇಂದಿನ ಕ್ರಮ ನಾಳೆ ಉಳಿಯುವ ಭರವಸೆಯಿಲ್ಲ. ಹೆಸರಿನ ಪ್ರಕಾರ ಎಂದರೆ ಕನ್ನಡಕ್ಕೆ ತನ್ನದೇ ತೊಡಕು. ಯೂನಿಕೋಡ್‌ನಲ್ಲಿ ಳ ಅಕ್ಷರದ ಸಂಕೇತ ಲ ಆದಮೇಲೆ, ವ ಬರುವ ಮೊದಲೇ ಇದೆ. ಬರಿಯ ಸಂಕೇತ ನೋಡಿ ವಿಂಗಡಿಸಿದರೆ ಕಾಳಪ್ಪ ಮೊದಲು, ಕಾವೇರಮ್ಮ ಆಮೇಲೆ. ವರ್ಣಮಾಲೆಯಲ್ಲಿ ಳ ಹಕಾರದ ನಂತರ, ಕೊನೆಯಲ್ಲಿರುವುದರಿಂದ ಕಾವೇರಮ್ಮನೇ ಮೊದಲು ಬರಬೇಕು. ‘ನುಡಿ’ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿ ಬರೆದಿಟ್ಟ ಹೆಸರುಗಳ ಪಾಡು ಇನ್ನೂ ಕಷ್ಟ, ಅಲ್ಲಿ ಉಳಿದಿರುವುದು ಅಕ್ಷರಗಳಲ್ಲ, ಅಕ್ಷರದ ಆಕಾರದ ತುಂಡುಗಳು. ಇಲ್ಲೂ ಹೆಸರಿನಿಂದ ವಿಂಗಡಣೆಗೆಂದೇ ಒಂದು ಲೆಕ್ಕದ ಕಾಲಂ ಮಾಡಿ ಕ್ವೆರಿಯಲ್ಲಿ ಇಡಬೇಕಾಗುತ್ತದೆ.

ಈ ಲೆಕ್ಕಗಳನ್ನು ಬಚ್ಚಿಡಬಾರದು ಎಂದು ನಾನು ಹಟ ಹಿಡಿಯುವುದಕ್ಕೆ ಇನ್ನೂ ದೊಡ್ಡ ಕಾರಣವಿದೆ. ಬಾಕಿಯ ಮೊತ್ತದ ಪ್ರಕಾರ ವಿಂಗಡಿಸಿದರೆ ಟ್ರ್ಯಾಕ್ಟರ್ ಸಾಲ ಪಡೆದವರು ಮೇಲೆ ಬರುತ್ತಾರೆ, ಅವರ ಕಂತು ಇನ್ನೂ ತಪ್ಪಿರದಿದ್ದರೂ. ಸುಸ್ತಿಯ ದಿನಗಳ ಪ್ರಕಾರವಾದರೆ ಹಸು ಕೊಳ್ಳಲು ಸಣ್ಣ ಸಾಲ ಮಾಡಿ, ಹಸು ಸತ್ತು ಕಂತು ನಿಲ್ಲಿಸಿದವರ ಹೆಸರು ಮೊದಲಿರಬಹುದು. ಪಡೆದ ಸಾಲದಲ್ಲಿ ಎಷ್ಟು ಪಾಲು ಉಳಿದಿದೆ ಎಂದು ಕೇಳಿದರೆ ಮೂರನೆಯ ಪಟ್ಟಿಯೇ ಬರುತ್ತದೆ. ಮೂರೂ ಲೆಕ್ಕಗಳು ಸರಿ, ದಾಖಲೆಗಳೂ ಅವೇ. ನೋಟಿಸ್ ಮಾತ್ರ ಬೇರೆ ಬೇರೆ ಮನೆಗೆ ಹೋಗುತ್ತದೆ. ಯಾರ ಮನೆಗೆ ಮೊದಲು ಹೋಗಬೇಕೆಂಬುದು ಮಂಡಳಿ ಕೂತು ತೀರ್ಮಾನಿಸಬೇಕಾದ ಮಾತು. ಅದನ್ನು ಫಾರಂ ಬರೆದವರು ಒಬ್ಬರೇ ಒಂದು ಚೌಕದೊಳಗೆ ತೀರ್ಮಾನಿಸಿ ಹೋಗಬಾರದು. ಕ್ವೆರಿಗೆ ‘ಸುಸ್ತಿ ದಿನಗಳ ಪ್ರಕಾರ’ ಎಂದು ತಿಳಿಯುವ ಹೆಸರಿಟ್ಟು, ಅದೇ ಮಾತನ್ನು ಮುದ್ರಿತ ಪಟ್ಟಿಯ ತಲೆಬರಹದಲ್ಲೂ ಹಾಕಿದರೆ, ಸಭೆಯಲ್ಲಿ ಕೂತ ಸದಸ್ಯರು ‘ಈ ಕ್ರಮ ಯಾಕೆ?’ ಎಂದು ಕೇಳಬಹುದು, ಒಪ್ಪದಿದ್ದರೆ ಬದಲಿಸಲು ಹೇಳಬಹುದು.