ಗೃಹಧರ್ಮ: ನಿವೃತ್ತರ ಕಾಯಕ, ಮನೆಯ ಮುನ್ನೆಚ್ಚರಿಕೆ

ನೌಕರಿಯಿಂದ ನಿವೃತ್ತರಾದವರನ್ನು ಬಂಧುಗಳೂ ಮಿತ್ರರೂ ಕೇಳುವ ಮೊದಲ ಪ್ರಶ್ನೆ, ‘ಇನ್ನು ಮುಂದೆ ಏನು ಮಾಡುತ್ತೀರಿ?’ ಎಂಬುದು. ಕೆಲವರು ಯಾತ್ರೆಯ ಮಾತು ಹೇಳುತ್ತಾರೆ, ಕೆಲವರು ಮಗನ ಮನೆಯ ಮಾತು ಹೇಳುತ್ತಾರೆ. ಹಲವರಿಗೆ ಉತ್ತರವೇ ತೋಚುವುದಿಲ್ಲ. ಆದರೆ ಇವರಿಗಾಗಿಯೇ ಕಾದಿರುವ ಒಂದು ಕೆಲಸ ಪ್ರತಿ ಮನೆಯಲ್ಲಿಯೂ ಇದೆ. ಅದು, ಆಪತ್ತು ಬರುವುದಕ್ಕೆ ಮೊದಲೇ ಮನೆಯನ್ನು ಸಿದ್ಧಪಡಿಸಿಡುವ ಕೆಲಸ. ದುಡಿಯುವವರಿಗೆ ಇದಕ್ಕೆ ಬಿಡುವಿಲ್ಲ, ಕಿರಿಯರಿಗೆ ಇದರ ಅನುಭವವಿಲ್ಲ. ಬಿಡುವೂ ಅನುಭವವೂ ಒಟ್ಟಿಗೆ ಇರುವುದು ಮನೆಯ ಹಿರಿಯರಲ್ಲಿಯೇ.

ಮುಳಬಾಗಿಲು ತಾಲ್ಲೂಕಿನ ಆವನಿಯನ್ನೇ ತೆಗೆದುಕೊಳ್ಳೋಣ. ಸೀತಾಮಾತೆ ಲವಕುಶರನ್ನು ಹೆತ್ತ ಸ್ಥಳವೆಂದು ಜನ ನಂಬುವ ಬೆಟ್ಟ, ಅದರ ಅಡಿಯಲ್ಲಿ ರಾಮಲಿಂಗೇಶ್ವರನ ದೇವಾಲಯಗಳ ಸಮೂಹ. ಹತ್ತನೆಯ ಶತಮಾನದಲ್ಲಿ, ನೊಳಂಬರ ಕಾಲದಲ್ಲಿ, ಈ ಸ್ಥಾನವನ್ನು ತ್ರಿಭುವನಕರ್ತನೆಂಬ ಶೈವಯತಿ ನಲವತ್ತು ವರ್ಷ ನಡೆಸಿದನೆಂದು ಇಲ್ಲಿನ ಶಾಸನ ಹೇಳುತ್ತದೆ. ಆತನು ಐವತ್ತು ದೇವಾಲಯಗಳನ್ನು ಕಟ್ಟಿಸಿದನು, ಜೊತೆಗೆ ಎರಡು ದೊಡ್ಡ ಕೆರೆಗಳನ್ನೂ ಕಟ್ಟಿಸಿದನು. ಮಳೆ ಕೈಕೊಡುವ ಸೀಮೆಯಲ್ಲಿ ಗುಡಿಯಷ್ಟೇ ಕೆರೆಯೂ ಬೇಕೆಂಬುದು ಆ ಹಿರಿಯನಿಗೆ ತಿಳಿದಿತ್ತು. ಮುಂದಿನವರ ಕಷ್ಟವನ್ನು ಇಂದೇ ನೆನೆದು ಮಾಡುವ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಮೇಲ್ಪಂಕ್ತಿ ನಮಗೆ ಬೇಕಿಲ್ಲ.

ಇಂದು ಆವನಿಯ ಸುತ್ತಲಿನ ಹಳ್ಳಿಗಳಲ್ಲಿ ಅನೇಕ ಮನೆಗಳ ಮಕ್ಕಳು ಬೆಂಗಳೂರಿನಲ್ಲಿಯೋ ನರಸಾಪುರದ ಕಾರ್ಖಾನೆಗಳಲ್ಲಿಯೋ ದುಡಿಯುತ್ತಾರೆ. ಮನೆಯಲ್ಲಿ ಉಳಿಯುವವರು ವಯಸ್ಸಾದ ದಂಪತಿಗಳು, ಒಂದೆರಡು ಹಸುಗಳು. ತಾಲ್ಲೂಕು ಆಸ್ಪತ್ರೆಗೆ ಹತ್ತು ಹದಿಮೂರು ಕಿಲೋಮೀಟರ್, ಕೋಲಾರದ ಜಿಲ್ಲಾ ಆಸ್ಪತ್ರೆಗೆ ಇನ್ನೂ ದೂರ. ಇಂತಹ ಮನೆಗೆ ರಾತ್ರಿ ಹನ್ನೊಂದರಲ್ಲಿ ಕಷ್ಟ ಬಂದರೆ ಮೊದಲ ಅರ್ಧ ಗಂಟೆ ನೆರವಾಗುವುದು ಆ ಮನೆಯಲ್ಲಿ ಮೊದಲೇ ಮಾಡಿಟ್ಟ ಸಿದ್ಧತೆ ಮಾತ್ರ.

ಧಾನ್ಯ ಮತ್ತು ನೀರು

ಸಿದ್ಧತೆ ನಮ್ಮ ಸೀಮೆಗೆ ಹೊಸದೇನಲ್ಲ. ಬರವನ್ನು ಕಂಡ ನಮ್ಮ ಪೂರ್ವಿಕರು ರಾಗಿಯನ್ನು ಹಗೇವಿನಲ್ಲಿ ತುಂಬಿ ಮುಚ್ಚಿಡುತ್ತಿದ್ದರು. ರಾಗಿಗೆ ಹುಳು ಬೇಗ ಬೀಳುವುದಿಲ್ಲವಾದ್ದರಿಂದ ಅದು ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಆದರೂ 1876ರಿಂದ 1878ರವರೆಗಿನ ಧಾತು ಈಶ್ವರ ಬರದಲ್ಲಿ ಮೈಸೂರು ಸಂಸ್ಥಾನ ತತ್ತರಿಸಿತು. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಅಂತಹ ದಿನಗಳು ಇಂದಿಲ್ಲ. ಆದರೆ ಹದಿನೈದು ದಿನಕ್ಕೆ ಸಾಲುವಷ್ಟು ರಾಗಿ, ಅಕ್ಕಿ, ಬೇಳೆ, ಉಪ್ಪು, ಬೆಲ್ಲಗಳನ್ನು ಮನೆಯಲ್ಲಿ ಇಟ್ಟಿರುವ ಅಭ್ಯಾಸವನ್ನು ಕೈಬಿಡಲು ಕಾರಣವೂ ಇಲ್ಲ. 2020ರ ಲಾಕ್‌ಡೌನ್ ಅದರ ಬೆಲೆಯನ್ನು ಎಲ್ಲರಿಗೂ ತಿಳಿಸಿತು.

ನೀರಿನ ವಿಷಯದಲ್ಲಿ ಕೋಲಾರದವರು ಒಂದು ಹೆಚ್ಚಿನ ಎಚ್ಚರಿಕೆ ವಹಿಸಬೇಕು. ಇಲ್ಲಿನ ಆಳವಾದ ಅನೇಕ ಕೊಳವೆ ಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಆ ನೀರನ್ನು ಕುದಿಸಿದರೆ ರೋಗಾಣು ಸಾಯುತ್ತದೆಯೇ ಹೊರತು ಫ್ಲೋರೈಡ್ ಹೋಗುವುದಿಲ್ಲ. ಆದ್ದರಿಂದ ಹೆಚ್ಚಿನವರು ಊರಿನ ಶುದ್ಧ ನೀರಿನ ಘಟಕದಿಂದ ಕ್ಯಾನಿನಲ್ಲಿ ನೀರು ತರುತ್ತಾರೆ. ವಿದ್ಯುತ್ ಹೋದರೆ ಆ ಘಟಕ ನಿಲ್ಲುತ್ತದೆ. ಕುಡಿಯಲು ಮತ್ತು ಅಡುಗೆಗೆ ತಲೆಗೆ ದಿನಕ್ಕೆ 4 ಲೀಟರ್ ಎಂದು ಲೆಕ್ಕ ಹಾಕಿದರೆ, ನಾಲ್ವರ ಮನೆಗೆ ಮೂರು ದಿನಕ್ಕೆ 48 ಲೀಟರ್ ಬೇಕು. 20 ಲೀಟರಿನ ಎರಡೂವರೆ ಕ್ಯಾನಿನಷ್ಟು ನೀರು ಇದು. ಮೂರು ಕ್ಯಾನುಗಳು ಸದಾ ತುಂಬಿರಲಿ, ಹಳೆಯದನ್ನು ಬಳಸಿ ಹೊಸದನ್ನು ತುಂಬುತ್ತ ಹೋಗಿರಿ.

ನೀರು ಹೆಚ್ಚಾದರೂ ಆಪತ್ತೇ. 2021ರ ನವೆಂಬರಿನಲ್ಲಿ ಕೋಲಾರ ಜಿಲ್ಲೆಯಲ್ಲಿ ಸುರಿದ ಮಳೆಯನ್ನು ಯಾರೂ ಮರೆತಿಲ್ಲ. ಅನೇಕ ವರ್ಷಗಳಿಂದ ಬತ್ತಿದ್ದ ಕೆರೆಗಳು ಕೋಡಿ ಹರಿದವು, ಕೊಯ್ಲಿಗೆ ಬಂದ ರಾಗಿ ಹೊಲದಲ್ಲಿಯೇ ಮೊಳೆಯಿತು, ಮಣ್ಣಿನ ಗೋಡೆಯ ಮನೆಗಳು ಕುಸಿದವು. ಕೆರೆ ಬತ್ತಿದ ಕಾಲದಲ್ಲಿ ಕೋಡಿಯನ್ನೂ ಕಾಲುವೆಯನ್ನೂ ನಾವು ಮರೆಯುತ್ತೇವೆ. ಗಿಡಗಂಟಿ ಬೆಳೆಯುತ್ತದೆ, ಒತ್ತುವರಿಯಾಗುತ್ತದೆ. ಹಿಂದೆ ನೀರಗಂಟಿ ನೋಡಿಕೊಳ್ಳುತ್ತಿದ್ದ ಈ ಕೆಲಸಕ್ಕೆ ಈಗ ಯಾರ ಹೆಸರೂ ಇಲ್ಲದಂತಾಗಿದೆ. ಮುಂಗಾರಿಗೆ ಮೊದಲೊಮ್ಮೆ, ಹಿಂಗಾರಿಗೆ ಮೊದಲೊಮ್ಮೆ ಊರಿನ ನಿವೃತ್ತರು ನಾಲ್ವರು ಸೇರಿ ಕೆರೆಯ ಏರಿ, ತೂಬು, ಕೋಡಿಗಳನ್ನು ನಡೆದು ನೋಡಿ ಪಂಚಾಯಿತಿಗೆ ಬರೆದು ಕೊಡುವುದು ಕಷ್ಟದ ಕೆಲಸವಲ್ಲ. ಸ್ವಂತ ಮನೆಯ ಮಣ್ಣುಗೋಡೆಯಲ್ಲಿ ಬಿರುಕು ಕಂಡರೆ, ಎಡೆಬಿಡದ ಮಳೆಯಲ್ಲಿ ಆ ಗೋಡೆಯ ಪಕ್ಕ ಮಲಗದಿರುವುದು ಮೊದಲ ನಿಯಮ.

ಅವಘಡದ ಮೊದಲ ಅರ್ಧ ಗಂಟೆ

ಅಡುಗೆಮನೆಯಲ್ಲಿ ಅನಿಲದ ವಾಸನೆ ಬಂದರೆ ರೆಗ್ಯುಲೇಟರ್ ಮುಚ್ಚಿ, ಕಿಟಕಿ ಬಾಗಿಲು ತೆರೆದು ಹೊರಗೆ ಬರಬೇಕು. ವಿದ್ಯುತ್ತಿನ ಯಾವ ಸ್ವಿಚ್ಚನ್ನೂ ಹಾಕಬಾರದು, ಆರಿಸಲೂಬಾರದು. ಎರಡರಿಂದಲೂ ಕಿಡಿ ಹಾರಬಹುದು. ಹೊರಗೆ ಬಂದ ಮೇಲೆ 1906ಕ್ಕೆ ದೂರವಾಣಿ ಮಾಡಬೇಕು. ಸುಟ್ಟ ಗಾಯಕ್ಕೆ ತುಪ್ಪ, ಶಾಯಿ, ಹಲ್ಲಿನ ಪೇಸ್ಟುಗಳನ್ನು ಹಚ್ಚುವ ರೂಢಿ ಇನ್ನೂ ಹೋಗಿಲ್ಲ. ಅವು ಗಾಯವನ್ನು ಕೆಡಿಸುತ್ತವೆ. ಹರಿಯುವ ತಣ್ಣೀರಿನಲ್ಲಿ ಇಪ್ಪತ್ತು ನಿಮಿಷ ಹಿಡಿದು, ಶುಭ್ರವಾದ ಬಟ್ಟೆ ಮುಚ್ಚಿ ವೈದ್ಯರಲ್ಲಿಗೆ ಹೋಗುವುದೇ ಸರಿ.

ಹೊಲ, ಹುಲ್ಲಿನ ಬಣವೆ, ಹಸುವಿನ ಕೊಟ್ಟಿಗೆಗಳಿರುವ ಮನೆಗೆ ಹಾವಿನ ಭಯ ತಪ್ಪಿದ್ದಲ್ಲ. ಕೊಳಕುಮಂಡಲವು ರಾಗಿ ಹೊಲದ ಒಡನಾಡಿಯೆಂದೇ ಹೇಳಬೇಕು. ಹಾವು ಕಚ್ಚಿದಾಗ ಬಿಗಿಯಾಗಿ ಕಟ್ಟುವುದು, ಕೊಯ್ದು ರಕ್ತ ತೆಗೆಯುವುದು, ಮಂತ್ರ ಹಾಕುವವರನ್ನು ಹುಡುಕುವುದು, ಇವು ಮೂರೂ ಕಾಲವನ್ನು ಕಳೆಯುತ್ತವೆ, ಕೈಕಾಲನ್ನೂ ಕೆಡಿಸುತ್ತವೆ. ಕಚ್ಚಿಸಿಕೊಂಡವರನ್ನು ನಡೆಸದೆ, ಕಚ್ಚಿದ ಅಂಗವನ್ನು ಅಲುಗಾಡಿಸದೆ, ಧೈರ್ಯ ಹೇಳುತ್ತ ಆಸ್ಪತ್ರೆಗೆ ಸಾಗಿಸಬೇಕು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೂ ಒಂದೇ ಪ್ರತಿವಿಷ ಕೆಲಸ ಮಾಡುತ್ತದೆ. ಆದ್ದರಿಂದ ಹಾವನ್ನು ಹಿಡಿದು ತರುವ ಸಾಹಸ ಬೇಕಿಲ್ಲ. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ವಿಷಯವೆಂದು ಘೋಷಿಸಿರುವುದೇ ಇದರ ಗಂಭೀರತೆಯನ್ನು ತೋರಿಸುತ್ತದೆ.

ಅರವತ್ತು ದಾಟಿದವರಿಗೆ ಇನ್ನೆರಡು ಭಯಗಳು ಹತ್ತಿರ. ಒಂದು, ಬಚ್ಚಲುಮನೆಯಲ್ಲಿ ಜಾರಿ ಬೀಳುವುದು. ಗೋಡೆಗೆ ಹಿಡಿಕೆ, ಒರಟಾದ ನೆಲ, ರಾತ್ರಿ ಉರಿಯುವ ಸಣ್ಣ ದೀಪ, ಈ ಮೂರಕ್ಕೆ ಆಗುವ ಖರ್ಚು ತೊಡೆಯ ಮೂಳೆ ಮುರಿದಾಗ ಆಗುವ ಖರ್ಚಿನ ಮುಂದೆ ಲೆಕ್ಕಕ್ಕೇ ಬಾರದು. ಇನ್ನೊಂದು, ಪಾರ್ಶ್ವವಾಯು. ಮುಖ ಒಂದು ಕಡೆಗೆ ವಾಲುವುದು, ಒಂದು ಕೈ ಮೇಲೆತ್ತಲಾಗದಿರುವುದು, ಮಾತು ತೊದಲುವುದು, ಈ ಮೂರರಲ್ಲಿ ಒಂದು ಕಂಡರೂ ‘ಬೆಳಗಾಗಲಿ ನೋಡೋಣ’ ಎನ್ನಬಾರದು. ರಕ್ತದ ಹೆಪ್ಪನ್ನು ಕರಗಿಸುವ ಔಷಧವನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಎದೆನೋವಿಗೂ ಇದೇ ಮಾತು. 108 ಮತ್ತು 112 ಎಂಬ ಸಂಖ್ಯೆಗಳನ್ನು ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿರಿ. ಜೊತೆಗೆ, ರಾತ್ರಿ ವೇಳೆ ಕರೆದರೆ ಬರುವ ಊರಿನ ವಾಹನದವರೊಬ್ಬರ ಸಂಖ್ಯೆಯೂ ಇರಲಿ.

ಯಜಮಾನರೊಬ್ಬರಿಗೇ ತಿಳಿದ ಲೆಕ್ಕ

ಈಗ ಹೇಳುವ ಮಾತು ಎಲ್ಲಕ್ಕಿಂತ ಮುಖ್ಯವಾದುದು, ಎಲ್ಲಕ್ಕಿಂತ ಹೆಚ್ಚಾಗಿ ಮನೆಗಳಲ್ಲಿ ಮುಂದೂಡಲ್ಪಡುವಂಥದು. ಮೂವತ್ತು ವರ್ಷ ಉಪಾಧ್ಯಾಯರಾಗಿಯೋ ಗುಮಾಸ್ತರಾಗಿಯೋ ದುಡಿದ ಯಜಮಾನರು ಮನೆಯ ಹಣದ ವ್ಯವಹಾರವನ್ನೆಲ್ಲ ತಾವೇ ನೋಡಿಕೊಂಡಿರುತ್ತಾರೆ. ಪಿಂಚಣಿ ಆದೇಶದ ಪ್ರತಿ ಎಲ್ಲಿದೆ, ಠೇವಣಿ ಯಾವ ಬ್ಯಾಂಕಿನಲ್ಲಿದೆ, ಯಾರಿಗೆ ಸಾಲ ಕೊಟ್ಟಿದ್ದಾರೆ, ಜಮೀನಿನ ಪಹಣಿ ಯಾರ ಹೆಸರಿನಲ್ಲಿದೆ ಎಂಬುದು ಅವರಿಗಷ್ಟೇ ಗೊತ್ತು. ಅವರು ಹಠಾತ್ತನೆ ಲಿಂಗೈಕ್ಯರಾದರೆ, ದುಃಖದಲ್ಲಿರುವ ಆ ತಾಯಿ ಪೆಟ್ಟಿಗೆಯ ಕಾಗದಗಳನ್ನು ಒಂದೊಂದಾಗಿ ತೆಗೆದು ಬೇರೆಯವರಿಂದ ಓದಿಸಬೇಕಾಗುತ್ತದೆ. ಕುಟುಂಬ ಪಿಂಚಣಿ ಆಕೆಯ ಹಕ್ಕು. ಆದರೆ ಸೇವಾ ದಾಖಲೆಯಲ್ಲಿ ಆಕೆಯ ಹೆಸರು ಒಂದು ರೀತಿ, ಆಧಾರ್ ಚೀಟಿಯಲ್ಲಿ ಇನ್ನೊಂದು ರೀತಿ ಇದ್ದರೆ ಆ ಹಕ್ಕು ಕೈಗೆ ಬರಲು ತಿಂಗಳುಗಟ್ಟಲೆ ಅಲೆಯಬೇಕು. ಹೆಸರಿನ ವ್ಯತ್ಯಾಸವನ್ನು ಯಜಮಾನರು ಇರುವಾಗಲೇ ತಿದ್ದಿಸುವುದು ಸುಲಭ.

ಆದ್ದರಿಂದ ನೂರು ಪುಟದ ಒಂದು ನೋಟುಪುಸ್ತಕ ತನ್ನಿರಿ. ಬ್ಯಾಂಕಿನ ಖಾತೆಗಳು, ಠೇವಣಿಗಳು, ವಿಮೆ, ಸಾಲ, ಜಮೀನಿನ ಸರ್ವೆ ನಂಬರುಗಳು, ಮನೆಯವರ ರಕ್ತದ ಗುಂಪು, ನಿತ್ಯ ಸೇವಿಸುವ ಔಷಧಗಳು, ಇಷ್ಟನ್ನೂ ಅದರಲ್ಲಿ ಬರೆಯಿರಿ. ಗುಪ್ತ ಸಂಖ್ಯೆಗಳನ್ನು ಅದರಲ್ಲಿ ಬರೆಯಬೇಡಿರಿ. ಪ್ರತಿ ಖಾತೆಗೂ ನಾಮನಿರ್ದೇಶನ ಆಗಿದೆಯೇ ಎಂದು ಬ್ಯಾಂಕಿನಲ್ಲಿ ಕೇಳಿ ಗುರುತು ಹಾಕಿರಿ. ಮೂಲ ದಾಖಲೆಗಳನ್ನು ಒಂದೇ ಚೀಲದಲ್ಲಿ, ನೀರು ಸೋಕದಂತೆ ಇಡಿರಿ. ಮಳೆಯಲ್ಲಿಯಾಗಲಿ ಬೆಂಕಿಯಲ್ಲಿಯಾಗಲಿ ಒಂದು ಕೈಯಲ್ಲಿ ಎತ್ತಿಕೊಂಡು ಹೊರಡುವಂತಿರಬೇಕು. ಮುಖ್ಯವಾಗಿ, ಒಂದು ಸಂಜೆ ಮನೆಯಾಕೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲವನ್ನೂ ಓದಿ ಹೇಳಿರಿ. ‘ಈಗೇಕೆ ಆ ಅಶುಭದ ಮಾತು’ ಎಂದು ಆಕೆ ತಡೆದಾಳು. ಆದರೂ ಬಿಡಬೇಡಿರಿ.

ಕೂಡಿಟ್ಟ ಹಣದ ರಕ್ಷಣೆ

ನಿವೃತ್ತಿಯ ದಿನ ಬರುವ ಇಡಿಗಂಟು ಇಡೀ ಬಾಳಿನ ದುಡಿಮೆ. ಅದನ್ನು ಹುಡುಕಿಕೊಂಡು ಬರುವವರೂ ಅನೇಕರು. ಹೆಚ್ಚು ಬಡ್ಡಿಯ ಆಸೆ ತೋರಿಸುವಲ್ಲಿ ಎರಡು ಸಲ ಯೋಚಿಸಬೇಕು. 2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ವಿಧಿಸಿ, ಮೊದಲಿಗೆ 35,000 ರೂಪಾಯಿಗಿಂತ ಹೆಚ್ಚು ಹಣ ತೆಗೆಯದಂತೆ ಮಾಡಿದಾಗ ಕಂಗಾಲಾದವರಲ್ಲಿ ಪಿಂಚಣಿದಾರರೇ ಬಹಳ ಮಂದಿ. ಅದೇ ವರ್ಷದ ಫೆಬ್ರುವರಿಯಿಂದ, ಒಂದು ಬ್ಯಾಂಕಿನಲ್ಲಿ ಒಬ್ಬ ಠೇವಣಿದಾರನಿಗೆ 5 ಲಕ್ಷ ರೂಪಾಯಿಯವರೆಗೆ ವಿಮೆಯ ರಕ್ಷಣೆಯಿದೆ. ಈ ರಕ್ಷಣೆ ಸಹಕಾರ ಬ್ಯಾಂಕುಗಳಿಗೂ ಉಂಟು, ಆದರೆ ಪತ್ತಿನ ಸಹಕಾರ ಸಂಘಗಳಿಗೆ ಇಲ್ಲ. ಹೆಸರಿನಲ್ಲಿ ನಮ್ಮವರ ಸಂಸ್ಥೆಯೆಂದು ಕಂಡ ಮಾತ್ರಕ್ಕೆ ಈ ವ್ಯತ್ಯಾಸವನ್ನು ಮರೆಯಬಾರದು. ಅಂಚೆ ಕಚೇರಿಯಲ್ಲಿಯೂ ಬ್ಯಾಂಕುಗಳಲ್ಲಿಯೂ ದೊರೆಯುವ ಹಿರಿಯ ನಾಗರಿಕರ ಉಳಿತಾಯ ಯೋಜನೆ 2004ರಿಂದ ನಡೆದು ಬಂದಿದೆ. ಐದು ವರ್ಷದ ಅವಧಿ, ಮೂರು ತಿಂಗಳಿಗೊಮ್ಮೆ ಬಡ್ಡಿ. 2023ರಲ್ಲಿ ಅದರ ಮಿತಿಯನ್ನು 15 ಲಕ್ಷದಿಂದ 30 ಲಕ್ಷಕ್ಕೆ ಏರಿಸಲಾಗಿದೆ. ಆರು ತಿಂಗಳ ಮನೆಖರ್ಚಿನಷ್ಟನ್ನು ಮಾತ್ರ ಯಾವಾಗ ಬೇಕಾದರೂ ಕೈಗೆ ಸಿಗುವಂತೆ ಉಳಿತಾಯ ಖಾತೆಯಲ್ಲಿ ಪ್ರತ್ಯೇಕವಾಗಿಡಬೇಕು. ಆಪತ್ತಿನ ನಿಧಿಯೆಂದರೆ ಅದೇ.

ಮನೆ, ಜಮೀನುಗಳನ್ನು ಮಕ್ಕಳ ಹೆಸರಿಗೆ ಬರೆದುಕೊಡುವ ವಿಷಯದಲ್ಲಿಯೂ ವಿವೇಕ ಬೇಕು. ಮಕ್ಕಳ ಮೇಲಿನ ಅಪನಂಬಿಕೆಯಿಂದ ಈ ಮಾತು ಹೇಳುತ್ತಿಲ್ಲ. 2007ರ ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯಿದೆಯ 23ನೆಯ ಕಲಮಿನಂತೆ, ತಂದೆತಾಯಿಯನ್ನು ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ಆ ಷರತ್ತು ಮುರಿದರೆ, ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿ ರದ್ದುಪಡಿಸಬಹುದು. ಷರತ್ತನ್ನು ದಾನಪತ್ರದಲ್ಲಿಯೇ ಸ್ಪಷ್ಟವಾಗಿ ಬರೆಸಬೇಕು. ಬರೆಸಿದ್ದರಿಂದ ಒಳ್ಳೆಯ ಮಕ್ಕಳಿಗೆ ಯಾವ ನಷ್ಟವೂ ಇಲ್ಲ.

ಉಳಿದ ದಿನಗಳ ಸಾರ್ಥಕತೆ

2001ರ ಫೆಬ್ರುವರಿ 28ರಂದು ಕೋಲಾರದ ಚಿನ್ನದ ಗಣಿ ಮುಚ್ಚಿದಾಗ, ಕೆಲಸವೇ ಬಾಳಾಗಿದ್ದ ಜನರು ಒಂದೇ ದಿನದಲ್ಲಿ ಕೆಲಸವಿಲ್ಲದವರಾದರು. ಅವರಿಗೆ ಹಣದ ಚಿಂತೆಯೊಂದೇ ಅಲ್ಲ, ಬೆಳಗ್ಗೆ ಎದ್ದು ಹೋಗುವುದೆಲ್ಲಿಗೆ ಎಂಬ ಚಿಂತೆಯೂ ಎದುರಾಯಿತು. ಹೇಳಿ ಬರುವ ನಿವೃತ್ತಿಯಲ್ಲಿ ನಮಗೆ ಆ ಕಷ್ಟವಿಲ್ಲ. ಸಿದ್ಧವಾಗಲು ವರ್ಷಗಳ ಅವಕಾಶವಿದೆ. ಕಾಯಕವನ್ನು ಬಾಳಿನ ಮೂಲವೆಂದು ತಿಳಿದ ನಮಗೆ, ನೌಕರಿಗೆ ನಿವೃತ್ತಿಯಿದೆಯೇ ಹೊರತು ಕಾಯಕಕ್ಕಿಲ್ಲ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಓದು ಬಾರದ ನೆರೆಯವರ ಬ್ಯಾಂಕಿನ ಅರ್ಜಿ ಬರೆದು ಕೊಡುವುದು, ನವೆಂಬರಿನಲ್ಲಿ ಪಿಂಚಣಿದಾರರ ಜೀವಿತ ಪ್ರಮಾಣಪತ್ರಕ್ಕೆ ನೆರವಾಗುವುದು, ಒಂಟಿಯಾಗಿರುವ ಹಿರಿಯರ ಬಾಗಿಲನ್ನು ದಿನಕ್ಕೊಮ್ಮೆ ತಟ್ಟಿ ವಿಚಾರಿಸುವುದು, ಇವೆಲ್ಲವೂ ದಾಸೋಹವೇ. ಹೀಗೆ ವಿಚಾರಿಸುವವರು ಒಬ್ಬರಿದ್ದರೆ, ಬಚ್ಚಲಿನಲ್ಲಿ ಬಿದ್ದವರು ಮರುದಿನದವರೆಗೆ ಅಲ್ಲಿಯೇ ಬಿದ್ದಿರಬೇಕಾಗುವುದಿಲ್ಲ.

ಎಲ್ಲವನ್ನೂ ಒಂದೇ ವಾರದಲ್ಲಿ ಮಾಡಿ ಮುಗಿಸಬೇಕೆಂದಿಲ್ಲ. ಈ ತಿಂಗಳು ನೋಟುಪುಸ್ತಕ, ಮುಂದಿನ ತಿಂಗಳು ಬಚ್ಚಲಿನ ಹಿಡಿಕೆ, ಆಮೇಲೆ ನಾಮನಿರ್ದೇಶನದ ಪರಿಶೀಲನೆ, ಹೀಗೆ ಒಂದೊಂದಾಗಿ ಆಗಲಿ. ಯುಗಾದಿಗೆ ಮನೆ ತೊಳೆಯುವಾಗ ಔಷಧಗಳ ಅವಧಿಯನ್ನೂ ದೀಪಾವಳಿಗೆ ಸುಣ್ಣ ಬಳಿಯುವಾಗ ಗೋಡೆಯ ಬಿರುಕನ್ನೂ ನೋಡುವ ಪದ್ಧತಿ ಇಟ್ಟುಕೊಂಡರೆ ಮರೆಯುವ ಸಂಭವವಿಲ್ಲ. ರಜೆಗೆ ಬರುವ ಮಕ್ಕಳಿಗೂ ಮೊಮ್ಮಕ್ಕಳಿಗೂ ಆ ಪುಸ್ತಕ ಎಲ್ಲಿದೆಯೆಂದು ತೋರಿಸಿಡಿರಿ.